ಬಿಸಿಲೂರಿನಲ್ಲಿ ಇಂಕ್ ಪೆನ್ನು: ಯಾವ ಭಾಗಕ್ಕೆ ಯಾವ ವಸ್ತು?

ಏಪ್ರಿಲ್ ಹತ್ತಿರ ಬಂತೆಂದರೆ ರಾಯಚೂರಿನಲ್ಲಿ ಇಂಕ್ ಪೆನ್ನು ಇಟ್ಟುಕೊಂಡವರದ್ದು ಒಂದೇ ದೂರು: ಪೆನ್ನು ಇಂಕು ಕಕ್ಕುತ್ತದೆ. ಜೇಬಿನ ಮೂಲೆಯಲ್ಲಿ ನೀಲಿ ಕಲೆ, ಕ್ಯಾಪು ತೆಗೆದರೆ ಬೆರಳಿಗೆಲ್ಲ ಮಸಿ. ಬೈಗುಳ ಬೀಳುವುದು ನಿಬ್ಬಿಗೆ, ಇಲ್ಲವೇ ಇಂಕಿನ ಕಂಪನಿಗೆ. ಪೆನ್ನಿನ ಮೈ ಯಾವುದರಿಂದ ಆಗಿದೆ, ಅದರ ಗೋಡೆ ಎಷ್ಟು ದಪ್ಪ, ಭಾಗಗಳನ್ನು ತಿರುಗಿಸಿ ಕೂಡಿಸುವ ಥ್ರೆಡ್ ಹೇಗೆ ಕೂತಿದೆ ಎಂದು ನೋಡುವವರು ಕಡಿಮೆ.

ಲೇತಿನ ಮೇಲೆ ಕೈಯಿಂದ ಮಾಡಿದ ಪೆನ್ನು ಬೇಕೆಂದು ಆರ್ಡರ್ ಕೊಡಲು ಹೊರಟರೆ ಮಾಡುವವರು ಮೊದಲೇ ಕೇಳುತ್ತಾರೆ: ಎಬೊನೈಟೋ ಅಕ್ರಿಲಿಕ್ಕೋ? ನಿಬ್ಬು ಯಾವುದು? ಫೀಡ್ ಎಂಥದ್ದು? ಇಂಕು ನೇರ ಹೊಟ್ಟೆಗೆ ಸುರಿಯುವುದೋ, ಕನ್ವರ್ಟರೋ? ಎಬೊನೈಟ್ ಎಂದರೆ ಗಂಧಕ ಬೆರೆಸಿ ಗಟ್ಟಿಮಾಡಿದ ರಬ್ಬರು, ಅಕ್ರಿಲಿಕ್ ಒಂದು ಬಗೆಯ ಪ್ಲಾಸ್ಟಿಕ್. ಫೀಡ್ ಎಂದರೆ ನಿಬ್ಬಿಗೆ ಇಂಕು ಹರಿಸುವ ಕಡ್ಡಿ, ಕನ್ವರ್ಟರ್ ಎಂದರೆ ಪೆನ್ನಿನೊಳಗೆ ಕೂತು ಇಂಕು ಎಳೆದುಕೊಳ್ಳುವ ಪುಟ್ಟ ಕೊಳವೆ. ಉತ್ತರ ಗೊತ್ತಿಲ್ಲದವರು ಚೆಂದದ ಬಣ್ಣವೊಂದನ್ನು ತೋರಿಸಿ ಸುಮ್ಮನಾಗುತ್ತಾರೆ. ನನ್ನನ್ನು ಕೇಳಿದರೆ ಬಣ್ಣ ಕಟ್ಟಕಡೆಗೆ. ಇಂಕು ಮುಟ್ಟುವ ಭಾಗದಿಂದ ಆರಿಸಲು ಶುರುಮಾಡಿ, ಆಮೇಲೆ ಹೊರಮೈಗೆ ಬರಬೇಕು. ಆರಿಸುವಾಗ ನಮ್ಮ ಬಿಸಿಲು, ನಮ್ಮ ಒಣಹವೆ, ನಮ್ಮ ಬೋರ್‌ವೆಲ್ ನೀರು ಮೂರನ್ನೂ ಲೆಕ್ಕಕ್ಕೆ ಹಿಡಿಯಬೇಕು. ಊಟಿಯಲ್ಲಿ ಒಂದು ಹನಿ ಚೆಲ್ಲದ ಪೆನ್ನು ಸಿಂಧನೂರಿನಲ್ಲಿ ಅಂಗಿ ಹಾಳುಮಾಡಬಹುದು.

ಕಕ್ಕುವ ಲೆಕ್ಕ

ಪೆನ್ನಿನ ಹೊಟ್ಟೆಗೇ ಫಿಲ್ಲರ್‌ನಿಂದ ಇಂಕು ಬಿಡುವ ಮಾದರಿ ನಮ್ಮಲ್ಲಿ ಹಳೆಯದು, ಕೈಕೆಲಸದ ಪೆನ್ನುಗಳಲ್ಲಿ ಇವತ್ತಿಗೂ ಅದಕ್ಕೆ ಬೇಡಿಕೆ. ಮೂರು ಮಿಲಿಲೀಟರ್ ಹಿಡಿಯುವ ಅಂಥ ಪೆನ್ನಿನಲ್ಲಿ ಇಂಕು ಅರ್ಧ ಮಿಲಿಗೆ ಇಳಿದಿದೆ ಎಂದಿಟ್ಟುಕೊಳ್ಳಿ. ಉಳಿದ ಎರಡೂವರೆ ಮಿಲಿ ಬರೀ ಗಾಳಿ. ಕೂಲರ್ ಹಾಕಿದ ಕೋಣೆಯಲ್ಲಿ 28 ಡಿಗ್ರಿಯಲ್ಲಿದ್ದ ಆ ಪೆನ್ನನ್ನು ಜೇಬಿಗೆ ಸಿಕ್ಕಿಸಿ ಹೊರಗೆ ಬಂದಿರಿ, ಪೆನ್ನು 38 ಡಿಗ್ರಿಗೆ ಬಿಸಿಯಾಯಿತು. ಹತ್ತು ಡಿಗ್ರಿಗೆ ಒಳಗಿನ ಗಾಳಿ ನೂರಕ್ಕೆ ಮೂರು ಪಾಲಿಗಿಂತ ತುಸು ಹೆಚ್ಚು ಹಿಗ್ಗುತ್ತದೆ. ಎರಡೂವರೆ ಮಿಲಿ ಗಾಳಿಗೆ ಅದು 0.08 ಮಿಲಿ. ಒಂದು ಹನಿ ಎಂದರೆ ಸುಮಾರು 0.05 ಮಿಲಿ. ಹೀಗೆ ಒಂದೂವರೆ ಹನಿಯಷ್ಟು ಇಂಕು ಹೊರಗೆ ಹೋಗಲು ದಾರಿ ಹುಡುಕುತ್ತದೆ. ಬಿಸಿ ಏರಿದಂತೆ ಇಂಕಿನಿಂದ ಏಳುವ ನೀರಾವಿಯೂ ಹೆಚ್ಚುವುದರಿಂದ ನಿಜವಾದ ಲೆಕ್ಕ ಇದರ ದುಪ್ಪಟ್ಟಿನ ಹತ್ತಿರಕ್ಕೆ ಹೋಗುತ್ತದೆ.

ಅದೇ ಪೆನ್ನಿನ ತುಂಬ ಇಂಕಿದ್ದು ಗಾಳಿ ಕಾಲು ಮಿಲಿಯಷ್ಟೇ ಇದ್ದರೆ? ಹಿಗ್ಗುವುದು ಒಂದು ಹನಿಯ ಆರನೇ ಒಂದು ಪಾಲು. ಅಷ್ಟನ್ನು ನಿಬ್ಬಿನ ಕೆಳಗಿನ ಫೀಡ್ ಹಿಡಿದಿಟ್ಟುಕೊಳ್ಳುತ್ತದೆ, ನಿಮಗೆ ಗೊತ್ತೇ ಆಗುವುದಿಲ್ಲ. ಖಾಲಿಯಾಗುತ್ತಾ ಬಂದ ಪೆನ್ನೇ ಹೆಚ್ಚು ಕಕ್ಕುವುದು ಇದಕ್ಕೇ. ಅರ್ಧಕ್ಕೆ ಇಳಿದಾಗಲೇ ತುಂಬಿಸುವ ಅಭ್ಯಾಸ ಮಾಡಿಕೊಂಡರೆ ಅರ್ಧ ತೊಂದರೆ ಅಲ್ಲಿಗೆ ತೀರುತ್ತದೆ. ಮಿಕ್ಕ ಅರ್ಧ ತೀರಬೇಕಾದದ್ದು ವಸ್ತುವಿನ ಆಯ್ಕೆಯಲ್ಲಿ.

ಕೈಯ ಬಿಸಿ, ಜೇಬಿನ ಬಿಸಿ ಒಳಗಿನ ಗಾಳಿಗೆ ತಲುಪುವುದು ಪೆನ್ನಿನ ಗೋಡೆಯ ಮೂಲಕ. ಹಿತ್ತಾಳೆ, ಅಲ್ಯುಮಿನಿಯಂ ಶಾಖವನ್ನು ಎಬೊನೈಟಿಗಿಂತ ನೂರಾರು ಪಟ್ಟು ಸುಲಭವಾಗಿ ದಾಟಿಸುತ್ತವೆ. ಎಬೊನೈಟ್, ಅಕ್ರಿಲಿಕ್ ಎರಡೂ ಶಾಖವನ್ನು ತಡೆದು ತಡೆದು ಬಿಡುವ ವಸ್ತುಗಳು. ಗೋಡೆ ದಪ್ಪವಿದ್ದಷ್ಟೂ ಬಿಸಿ ನಿಧಾನಕ್ಕೆ ಒಳಗಿಳಿಯುತ್ತದೆ, ಗಾಳಿ ನಿಧಾನಕ್ಕೆ ಹಿಗ್ಗುತ್ತದೆ, ಹಿಗ್ಗಿದ ಗಾಳಿಗೆ ಜಾಗ ಬಿಟ್ಟುಕೊಡಲು ಫೀಡಿಗೆ ಸಮಯ ಸಿಗುತ್ತದೆ. ಆದ್ದರಿಂದ ಇಂಕು ನೇರ ಸುರಿಯುವ ಪೂರ್ತಿ ಲೋಹದ ಪೆನ್ನು ಬೇಕೆಂದು ನಮ್ಮ ಕಡೆಯವರು ಕೇಳಿದರೆ ಬೇಡ ಎಂದೇ ಹೇಳುತ್ತೇನೆ. ಲೋಹವೇ ಇಷ್ಟವಾದರೆ ಒಳಗೆ ಕನ್ವರ್ಟರ್ ಹಾಕಿಸಿಕೊಳ್ಳಿ. ಕನ್ವರ್ಟರ್ ಹಿಡಿಯುವುದು ಮುಕ್ಕಾಲು ಮಿಲಿಯ ಆಸುಪಾಸು ಮಾತ್ರ. ಗಾಳಿ ಕಡಿಮೆ, ಹಿಗ್ಗುವುದೂ ಕಡಿಮೆ. ಪದೇಪದೇ ತುಂಬಿಸುವ ಕಾಟ ಇದ್ದದ್ದೇ.

ಫೀಡ್

ನಿಬ್ಬಿನ ಹೊಟ್ಟೆಗೆ ಅಂಟಿಕೊಂಡಿರುವ ಕಪ್ಪು ಕಡ್ಡಿಯೇ ಫೀಡ್. ನೋಡಲು ಏನೂ ಇಲ್ಲ, ಪೆನ್ನಿನ ಜೀವ ಇರುವುದು ಅಲ್ಲೇ. ಇಂಕು ಕೆಳಗೆ ಇಳಿಯಬೇಕಾದರೆ ಅಷ್ಟೇ ಗಾಳಿ ಮೇಲಕ್ಕೆ ಹೋಗಬೇಕು. ಈ ಎರಡು ಓಡಾಟಕ್ಕೂ ದಾರಿ ಮಾಡಿಕೊಡುವುದು ಫೀಡಿನ ಮೇಲೆ ಕೊರೆದ ಗೀರುಗಳು. ಅಮೆರಿಕದ ಲೂಯಿಸ್ ವಾಟರ್‌ಮನ್ 1884ರಲ್ಲಿ ಪೇಟೆಂಟ್ ಪಡೆದದ್ದು ಮುಖ್ಯವಾಗಿ ಇಂಥ ಫೀಡಿಗೆ. ಪಕ್ಕದಲ್ಲಿ ಸಾಲಾಗಿ ಕಾಣುವ ಸೀಳುಗಳು ಅಲಂಕಾರಕ್ಕಿಲ್ಲ. ಗಾಳಿ ಹಿಗ್ಗಿ ತಳ್ಳಿದ ಹೆಚ್ಚುವರಿ ಇಂಕು ಆ ಸೀಳುಗಳಲ್ಲಿ ನಿಂತು, ಪೆನ್ನು ತಣ್ಣಗಾದಾಗ ಹಿಂದಕ್ಕೆ ಹೋಗುತ್ತದೆ. ಹಳೆಯ ಮಾದರಿಯ ಕೆಲವು ಕೈಕೆಲಸದ ಪೆನ್ನುಗಳಲ್ಲಿ ಸೀಳೇ ಇಲ್ಲದ ನುಣುಪು ಫೀಡ್ ಇರುತ್ತದೆ. ನೇರ ಇಂಕು ಸುರಿಯುವ ಪೆನ್ನಿಗೆ ಅಂಥದ್ದನ್ನು ಒಪ್ಪಬೇಡಿ.

ಫೀಡ್ ಎರಡು ಬಗೆಯಲ್ಲಿ ಸಿಗುತ್ತದೆ. ಅಚ್ಚಿನಲ್ಲಿ ಎರಕ ಹೊಯ್ದ ಪ್ಲಾಸ್ಟಿಕ್ ಒಂದು, ಎಬೊನೈಟ್ ಕಡ್ಡಿಯಿಂದ ಕೊರೆದದ್ದು ಇನ್ನೊಂದು. ಕೊರೆದ ಎಬೊನೈಟಿನ ಮೈಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ತರಿ ಉಳಿದಿರುತ್ತದೆ. ಇಂಕು ಅದನ್ನು ಹಿಡಿದುಕೊಂಡು ಹರಿಯುತ್ತದೆ, ಜಾರಿ ಹನಿಯಾಗಿ ನಿಲ್ಲುವುದಿಲ್ಲ. ಒಣಹವೆಯಲ್ಲಿ ನಿಬ್ಬಿನ ತುದಿ ಬೇಗ ಒಣಗುವ ನಮ್ಮ ಊರುಗಳಿಗೆ ಇದು ಅನುಕೂಲ. ಜರ್ಮನಿಯ ಯೋವೊ, ಬಾಕ್ ಕಂಪನಿಗಳ ನಿಬ್ ಯುನಿಟ್ (ನಿಬ್ಬು, ಫೀಡ್ ಕೂಡಿಸಿದ ಜೋಡಣೆ) ಜೊತೆಗೆ ಬರುವ ಪ್ಲಾಸ್ಟಿಕ್ ಫೀಡ್‌ಗಳನ್ನೂ ಕೀಳಾಗಿ ನೋಡಬೇಕಿಲ್ಲ. ಸೀಳುಗಳು ಬಹಳ ಸಣ್ಣವು, ಒತ್ತೊತ್ತಾಗಿರುತ್ತವೆ, ಒಂದು ಯುನಿಟ್ಟಿಗೂ ಇನ್ನೊಂದಕ್ಕೂ ವ್ಯತ್ಯಾಸ ಇರುವುದಿಲ್ಲ. ಎಬೊನೈಟ್ ಫೀಡ್ ಎಂದರೆ ಹಾಗಲ್ಲ, ಕೊರೆದವರ ಕೈಗುಣ.

ಎಬೊನೈಟ್ ಫೀಡಿನ ಇನ್ನೊಂದು ಗುಣವನ್ನು ಹತ್ತಿರದಿಂದ ನೋಡಬೇಕು. ಮಾಡುವವರು ನಿಬ್ಬು, ಫೀಡ್ ಎರಡನ್ನೂ ಜೋಡಿಸಿ, ತುದಿಯನ್ನು ಕುದಿಯುವುದಕ್ಕೆ ಸ್ವಲ್ಪ ಮೊದಲಿನ ಬಿಸಿನೀರಿನಲ್ಲಿ ಅರ್ಧ ನಿಮಿಷದಷ್ಟು ಮುಳುಗಿಸುತ್ತಾರೆ. ತೆಗೆದ ಕೂಡಲೇ ಹೆಬ್ಬೆರಳಿನಿಂದ ಫೀಡನ್ನು ನಿಬ್ಬಿನ ಹೊಟ್ಟೆಗೆ ಒತ್ತಿ ಹಿಡಿಯುತ್ತಾರೆ. ಬಿಸಿಗೆ ಮೆದುವಾದ ಎಬೊನೈಟ್ ನಿಬ್ಬಿನ ಬಾಗನ್ನೇ ಅನುಸರಿಸಿ ಬಾಗುತ್ತದೆ, ತಣ್ಣಗಾದ ಮೇಲೆ ಹಾಗೇ ನಿಲ್ಲುತ್ತದೆ. ಆಮೇಲೆ ಪಕ್ಕದಿಂದ ದೀಪಕ್ಕೆ ಹಿಡಿದು ನೋಡಿದರೆ ನಿಬ್ಬಿಗೂ ಫೀಡಿಗೂ ನಡುವೆ ಬೆಳಕಿನ ಗೆರೆ ಕಾಣಬಾರದು. ಕಂಡರೆ ಅಲ್ಲಿ ಇಂಕು ಕಡಿದುಹೋಗುತ್ತದೆ, ಒಂದು ಸಾಲು ಬರೆದ ಮೇಲೆ ಅಕ್ಷರ ತೆಳುವಾಗಿ ನಿಂತೇಬಿಡುತ್ತದೆ. ಪೆನ್ನು ಕೈಗೆ ಬಂದ ದಿನ ಮಾಡಬೇಕಾದ ಮೊದಲ ಪರೀಕ್ಷೆ ಇದು.

ನಿಬ್ಬು

ಚಿನ್ನದ ನಿಬ್ಬಿನ ಬಗ್ಗೆ ಇರುವ ಮೋಹ ಸುಲಭಕ್ಕೆ ಬಿಡುವಂಥದ್ದಲ್ಲ, ಅದರಲ್ಲೂ ಹಟ್ಟಿಯ ಚಿನ್ನದ ಗಣಿ ಇರುವ ರಾಯಚೂರು ಜಿಲ್ಲೆಯವರಿಗೆ. ಆದರೆ ಕಾಗದವನ್ನು ಮುಟ್ಟುವುದು ಚಿನ್ನವೂ ಅಲ್ಲ, ಸ್ಟೀಲೂ ಅಲ್ಲ. ತುದಿಯಲ್ಲಿ ಬೆಸುಗೆ ಹಾಕಿರುವ ಪುಟ್ಟ ಗುಂಡು ರುಥೇನಿಯಂ, ಆಸ್ಮಿಯಂ, ಟಂಗ್‌ಸ್ಟನ್‌ನಂಥ ಗಟ್ಟಿ ಲೋಹಗಳ ಮಿಶ್ರಣ. ಅದನ್ನು ರೂಢಿಯಲ್ಲಿ ಇರಿಡಿಯಂ ಎನ್ನುತ್ತಾರೆ, ನಿಬ್ಬಿನ ಮೇಲೂ ಹಾಗೇ ಅಚ್ಚು ಹಾಕುತ್ತಾರೆ. ಆ ಅಚ್ಚು ನೋಡಿ ಗುಣಮಟ್ಟ ಅಳೆಯಲು ಆಗುವುದಿಲ್ಲ. 14 ಕ್ಯಾರೆಟ್ ನಿಬ್ಬಿನಲ್ಲಿ ಸಾವಿರಕ್ಕೆ 585 ಪಾಲು ಚಿನ್ನ. ಅದು ಯಾವ ಇಂಕಿಗೂ ತುಕ್ಕು ಹಿಡಿಯುವುದಿಲ್ಲ, ಅದರ ನಿಜವಾದ ಲಾಭ ಅದೊಂದೇ. ಮೆತ್ತಗೆ ಬಾಗುವುದು, ಸ್ಪ್ರಿಂಗಿನಂಥ ಗುಣ ನಿಬ್ಬಿನ ದಪ್ಪ ಮತ್ತು ಆಕಾರದಿಂದ ಬರುತ್ತದೆ. ಕಲ್ಲಿನಂತೆ ಸೆಟೆದ ಚಿನ್ನದ ನಿಬ್ಬೂ ಇವೆ.

ಸಂಡೂರಿನ ಅದಿರಿನಿಂದ ಆಗುವ ಸಾದಾ ಉಕ್ಕು ಇಂಕಿನ ನೀರಿನಲ್ಲಿ ಕೆಂಪಾಗುತ್ತದೆ. ನಿಬ್ಬಿಗೆ ಬೇಕಾದದ್ದು ಕ್ರೋಮಿಯಂ ಬೆರೆತ ಸ್ಟೇನ್‌ಲೆಸ್ ಸ್ಟೀಲ್. ದಿನಬಳಕೆಗೆ ಅದು ಧಾರಾಳ ಸಾಕು. ಕಬ್ಬಿಣಾಂಶವಿರುವ ಹಳೆ ಬಗೆಯ ನೀಲಿ-ಕಪ್ಪು ಇಂಕು ಹುಳಿ ಗುಣದ್ದು. ಅದನ್ನು ಸ್ಟೀಲ್ ನಿಬ್ಬಿನಲ್ಲಿ ತಿಂಗಳುಗಟ್ಟಲೆ ಬಿಡಬೇಡಿ ಅಷ್ಟೇ. ನಿಬ್ಬಿನ ಕೆಲಸಕ್ಕೆ ತಮಿಳುನಾಡಿನ ಸಾತ್ತೂರು ಒಂದು ಕಾಲಕ್ಕೆ ಹೆಸರುವಾಸಿ, ಹಳೆಯ ಭಾರತೀಯ ಪೆನ್ನುಗಳಲ್ಲಿ ಅಲ್ಲಿನ ನಿಬ್ಬುಗಳೂ ಇರುತ್ತಿದ್ದವು.

ನಿಬ್ಬು ಪರೀಕ್ಷಿಸಲು ಅಕ್ಕಸಾಲಿಗರು ಕಣ್ಣಿಗೆ ಹಚ್ಚಿಕೊಳ್ಳುವ ಹತ್ತು ಪಟ್ಟಿನ ಭೂತಗನ್ನಡಿ ಸಾಕು. ತುದಿಯ ಎರಡು ಭಾಗಗಳು ಒಂದೇ ಮಟ್ಟದಲ್ಲಿರಬೇಕು. ನಡುವಿನ ಸೀಳು ರಂಧ್ರದ ಹತ್ತಿರ ತುಸು ಅಗಲವಾಗಿ, ತುದಿಗೆ ಬರುತ್ತಾ ಸಣ್ಣದಾಗಬೇಕು. ತುದಿಯಲ್ಲೇ ಬಾಯಿ ಬಿಟ್ಟಿದ್ದರೆ ಇಂಕು ಮೇಲೇ ನಿಂತುಬಿಡುತ್ತದೆ, ಕೆಳಗಿಳಿಯುವುದಿಲ್ಲ. ಕನ್ನಡ ಬರೆಯುವವರು ಒಂದು ಪರೀಕ್ಷೆ ಹೆಚ್ಚಿಗೆ ಮಾಡಬೇಕು. ನಮ್ಮ ಅಕ್ಷರಗಳು ಸುತ್ತಿ ಸುತ್ತಿ ಹೋಗುವಂಥವು, ನಿಬ್ಬು ಎಡಕ್ಕೆ, ಮೇಲಕ್ಕೆ, ಹಿಂದಕ್ಕೆ ತಳ್ಳಿಸಿಕೊಳ್ಳುತ್ತಲೇ ಇರುತ್ತದೆ. ಅಂಗಡಿಯಲ್ಲಿ ಸಹಿ ಹಾಕಿ ನೋಡಿದರೆ ಸಾಲದು. ‘ರಾಷ್ಟ್ರ’, ‘ವೈಶಿಷ್ಟ್ಯ’, ‘ಋಣ’ ಬರೆದು ನೋಡಿ. ಮೇಲಕ್ಕೆ ಹೋಗುವಾಗ ಕೆರೆದರೆ, ಒತ್ತಕ್ಷರದ ಹೊಟ್ಟೆ ಮುಚ್ಚಿಹೋದರೆ ಆ ನಿಬ್ಬು ಬೇಡ. ಗೆರೆ ಹಾಕಿದ ನೋಟ್‌ಬುಕ್ಕಿನಲ್ಲಿ ಬರೆಯುವವರಿಗೆ ಫೈನ್ ತುದಿ ಸರಿ. ಅಗಲ ತುದಿಯ ಸ್ಟಬ್ ನಿಬ್ಬಿನಲ್ಲಿ ಇಂಗ್ಲಿಷ್ ಚೆಂದ ಕಾಣುತ್ತದೆ, ಕನ್ನಡದ ಒತ್ತುಗಳು ಒಂದರ ಮೇಲೊಂದು ಬೀಳುತ್ತವೆ.

ಎಬೊನೈಟ್

ಈಗ ಮೈಗೆ ಬರೋಣ. ರಬ್ಬರಿಗೆ ಗಂಧಕ ಬೆರೆಸಿ ಬಿಸಿಮಾಡಿದರೆ ಅದು ಗಟ್ಟಿಯಾಗುತ್ತದೆ ಎಂದು ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ಕಂಡುಕೊಂಡ. ಟೈರಿನ ರಬ್ಬರಿಗೆ ಸೇರಿಸುವ ಗಂಧಕ ನೂರಕ್ಕೆ ಎರಡು ಮೂರು ಪಾಲು. ಅದನ್ನೇ ಮೂವತ್ತರ ಆಸುಪಾಸಿಗೆ ಏರಿಸಿ ಗಂಟೆಗಟ್ಟಲೆ ಬೇಯಿಸಿದರೆ ಸಿಗುವುದು ಕಪ್ಪಗೆ, ಗಟ್ಟಿಯಾಗಿ, ಲೇತಿಗೆ ಒಗ್ಗುವ ಎಬೊನೈಟ್. ಅವನ ತಮ್ಮ ನೆಲ್ಸನ್ ಇದಕ್ಕೆ 1851ರಲ್ಲಿ ಪೇಟೆಂಟ್ ಪಡೆದ. ಆಮೇಲೆ ಎಪ್ಪತ್ತು ವರ್ಷ ಪೆನ್ನು ಎಂದರೆ ಬಹುತೇಕ ಇದೇ. ನಮ್ಮ ದೇಶದ ಸ್ವದೇಶಿ ಪೆನ್ನಿನ ಕತೆಯೂ ಎಬೊನೈಟಿನದೇ: ರಾಜಮಂಡ್ರಿಯ ರತ್ನಂ ಅವರು ಮಾಡಿದ ಪೆನ್ನನ್ನು ಮೆಚ್ಚಿ ಗಾಂಧೀಜಿ 1935ರಲ್ಲಿ ವಾರ್ಧಾದಿಂದ ಪತ್ರ ಬರೆದರು. ಇವತ್ತಿಗೂ ರಾಜಮಂಡ್ರಿ, ಹೈದರಾಬಾದು, ಚೆನ್ನೈ ಪಕ್ಕದ ತಿರುವಳ್ಳೂರುಗಳಲ್ಲಿ ಆ ಕೆಲಸ ನಡೆದಿದೆ. ರಾಯಚೂರು, ಕೊಪ್ಪಳ 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದವು, ಬಳ್ಳಾರಿ 1953ರವರೆಗೆ ಮದ್ರಾಸಿನಲ್ಲಿತ್ತು. ಪೆನ್ನು ತರಲು ಬೆಂಗಳೂರಿಗಿಂತ ಮೊದಲು ಈ ಊರುಗಳ ಕಡೆ ಮುಖ ಮಾಡುವುದು ನಮ್ಮವರಿಗೆ ಹೊಸದೇನಲ್ಲ.

ಎಬೊನೈಟ್ ಹಗುರ. ಕೈಗೆ ಬೆಚ್ಚಗೆ ಹತ್ತುತ್ತದೆ, ಬೆವರಿದ ಬೆರಳಿನಲ್ಲೂ ಜಾರುವುದಿಲ್ಲ. ಒಳ್ಳೆಯ ರಾಡನ್ನು ಗುರುತಿಸುವ ಜಾಗ ಲೇತು. ಹರಿತವಾದ ಉಳಿ ತಾಗಿದ ಕೂಡಲೇ ಸಿಪ್ಪೆ ಕಡಿಯದೆ ಉದ್ದಕ್ಕೆ ಸುರುಳಿ ಸುರುಳಿಯಾಗಿ ಬಿಚ್ಚಿಕೊಂಡು ಬರುತ್ತಿದ್ದರೆ ರಾಡು ಒಳಗಿನವರೆಗೂ ಸಮನಾಗಿ ಬೆಂದಿದೆ. ಸಿಪ್ಪೆ ಬಾರದೆ ಪುಡಿ ಉದುರಿದರೆ, ನಡುವೆ ಉಳಿ ಟಕ್ ಎಂದು ಯಾವುದಕ್ಕೋ ತಾಗಿದ ಸದ್ದು ಬಂದರೆ, ಒಳಗೆ ಹರಳೋ ಗಾಳಿಗುಳ್ಳೆಯೋ ಇದೆ ಎಂದರ್ಥ. ಗಂಧಕದ ವಾಸನೆ ಎಲ್ಲ ಎಬೊನೈಟಿಗೂ ಇರುತ್ತದೆ, ಅದರಿಂದ ಒಳ್ಳೆಯದು ಕೆಟ್ಟದ್ದು ಹೇಳಲಾಗದು. ಕೊಳ್ಳುವವರು ಸಿಪ್ಪೆ ನೋಡಲು ಆಗದಿದ್ದರೂ ಕ್ಯಾಪು ತೆಗೆದು ಥ್ರೆಡ್ಡಿನ ಮೇಲೆ ಉಗುರು ಆಡಿಸಿ ನೋಡಬಹುದು. ಅಂಚು ಉದುರಿದ ಥ್ರೆಡ್ ಎಂದರೆ ಒಂದೋ ರಾಡು ಸರಿಯಿಲ್ಲ, ಇಲ್ಲವೇ ಉಳಿ ಮೊಂಡಾಗಿತ್ತು. ಹೊಟ್ಟೆಯೊಳಗೆ ಟಾರ್ಚ್ ಬಿಟ್ಟು ನೋಡಿದರೆ ಸೂಜಿಮೊನೆಯಷ್ಟು ತೂತುಗಳು ಕಾಣಬಾರದು. ಇಂಕು ಸುರಿಯುವ ಪೆನ್ನಿನಲ್ಲಿ ಅಂಥ ತೂತಿನಲ್ಲಿ ಬಣ್ಣ ಕೂತರೆ ಎಷ್ಟು ತೊಳೆದರೂ ಹೋಗುವುದಿಲ್ಲ.

ಇದರ ಶತ್ರು ಬಿಸಿಲು. ಬೆಳಕು, ಗಾಳಿ, ತೇವ ಮೂರೂ ಸೇರಿದಾಗ ಮೇಲ್ಮೈಯ ಗಂಧಕ ಆಮ್ಲವಾಗಿ, ಕಪ್ಪು ಮೈ ಕಂದಿ ಕಂದು-ಹಸಿರು ಬಣ್ಣಕ್ಕೆ ತಿರುಗುತ್ತದೆ. ಪಾಲಿಶ್ ಮಾಡಿದರೆ ಹೊಳಪು ಬರುತ್ತದೆ, ಆದರೆ ಪ್ರತಿ ಸಲವೂ ಒಂದು ಪದರ ಸವೆಯುತ್ತದೆ. ಕಿಟಕಿ ಪಕ್ಕದ ಟೇಬಲ್ಲು, ಸ್ಕೂಟರಿನ ಡಿಕ್ಕಿ, ಕಾರಿನ ಡ್ಯಾಶ್‌ಬೋರ್ಡು ಮೂರೂ ಎಬೊನೈಟಿಗೆ ಆಗದ ಜಾಗಗಳು. ಮೇ ತಿಂಗಳಲ್ಲಿ ಬಳ್ಳಾರಿಯಲ್ಲಿ ಬಿಸಿಲಿಗೆ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ 70 ಡಿಗ್ರಿ ದಾಟುತ್ತದೆ, ಆ ಬಿಸಿಗೆ ಎಬೊನೈಟ್ ಮೆದುವಾಗಲು ಶುರುವಾಗುತ್ತದೆ. ಫೀಡ್ ಕೂರಿಸಲು ಉಪಕಾರವಾದ ಗುಣವೇ ಇಲ್ಲಿ ಪೆನ್ನನ್ನು ಬಾಗಿಸುತ್ತದೆ. ಬಿಸಿನೀರಿನಲ್ಲಿ ಮೈ ತೊಳೆಯುವುದೂ ಅಷ್ಟೇ ಕೆಟ್ಟದ್ದು, ಒಂದೇ ಸಲಕ್ಕೆ ಬಣ್ಣ ಕೆಡುತ್ತದೆ. ಇನ್ನು ಬೆಳ್ಳಿಯ ಉಂಗುರ ಹಾಕಿಸಬೇಕೆಂದು ಆಸೆಪಡುವವರಿದ್ದಾರೆ. ಎಬೊನೈಟಿನ ಗಂಧಕಕ್ಕೆ ಬೆಳ್ಳಿ ಕಪ್ಪಾಗುತ್ತದೆ, ವಾರವಾರ ಉಜ್ಜುತ್ತಾ ಕೂರಬೇಕು.

ಅಕ್ರಿಲಿಕ್, ಮತ್ತೆ ‘ರೆಸಿನ್’ ಎನ್ನುವ ಮಾಯೆ

ಬಣ್ಣ ಬೇಕು, ಹೊಳಪು ಬೇಕು, ಬಿಸಿಲಿಗೆ ಮಾಸಬಾರದು ಎನ್ನುವವರಿಗೆ ಅಕ್ರಿಲಿಕ್. 1941ರ ಪಾರ್ಕರ್ 51 ಪೆನ್ನಿನಿಂದ ಅಕ್ರಿಲಿಕ್‌ಗೆ ಮರ್ಯಾದೆ ಬಂತು. ಇದು ಮೆದುವಾಗಲು ಸುಮಾರು 100 ಡಿಗ್ರಿ ಬೇಕು, ಬಿಸಿಲು ಹೆಚ್ಚೇನೂ ಮಾಡಲಾರದು. ಒಳಗೆ ಇಂಕು ಎಷ್ಟಿದೆ ಎಂದು ಕಾಣುವಂತೆ ಪಾರದರ್ಶಕ ರಾಡಿನಲ್ಲೂ ಮಾಡಿಸಬಹುದು. ರಾಯಚೂರಿನಂಥ ಊರಿಗೆ ಮೈ ಅಕ್ರಿಲಿಕ್, ಫೀಡ್ ಎಬೊನೈಟ್, ನಿಬ್ಬು ಸ್ಟೀಲ್ ಎನ್ನುವ ಜೋಡಿಯನ್ನೇ ನಾನು ಮೊದಲ ಪೆನ್ನಿಗೆ ಹೇಳುವುದು.

ತೊಂದರೆ ಇರುವುದು ಹೆಸರಿನಲ್ಲಿ. ಮಾರುವವರು ಎಲ್ಲವನ್ನೂ ರೆಸಿನ್ ಎನ್ನುತ್ತಾರೆ. ಪಾಲಿಯೆಸ್ಟರ್ ರೆಸಿನ್ನಿನಲ್ಲಿ ಎರಕ ಹೊಯ್ದ ರಾಡುಗಳು ನೋಡಲು ಅಕ್ರಿಲಿಕ್‌ಗಿಂತ ಚೆಂದ, ಆದರೆ ಪೆಡಸು. ನೆಲಕ್ಕೆ ಬಿದ್ದರೆ ಥ್ರೆಡ್ಡಿನ ಬುಡದಲ್ಲೇ ಬಿರುಕು ಬಿಡುತ್ತವೆ. ಕೊರೆಯುವಾಗ ಬರುವ ವಾಸನೆಯಿಂದ ಎರಡನ್ನೂ ಬೇರೆ ಮಾಡಬಹುದು: ಅಕ್ರಿಲಿಕ್ ತುಸು ಹಣ್ಣಿನಂಥ ಸಿಹಿ ವಾಸನೆ, ಪಾಲಿಯೆಸ್ಟರ್ ಮೂಗಿಗೆ ಚುಚ್ಚುವ ಘಾಟು. ಫೋನಿನಲ್ಲಿ ಆರ್ಡರ್ ಕೊಡುವವರು ‘ಅಕ್ರಿಲಿಕ್ ರಾಡೋ, ಎರಕದ ಪಾಲಿಯೆಸ್ಟರೋ’ ಎಂದು ಬಿಡಿಸಿ ಕೇಳಬೇಕು. ಅಕ್ರಿಲಿಕ್ ಪೆನ್ನನ್ನು ಸ್ಯಾನಿಟೈಜರ್, ಸ್ಪಿರಿಟ್‌ನಿಂದ ಒರೆಸಬೇಡಿ. ಲೇತಿನ ಮೇಲೆ ಒತ್ತಡ ತಿಂದ ಜಾಗಗಳಲ್ಲಿ, ಮುಖ್ಯವಾಗಿ ಥ್ರೆಡ್ಡಿನಲ್ಲಿ, ಕೂದಲೆಳೆಯಷ್ಟು ಬಿರುಕುಗಳ ಜಾಲ ಮೂಡುತ್ತದೆ. ಒಳ್ಳೆಯ ಕೆಲಸಗಾರರು ಕೊರೆದಾದ ಮೇಲೆ ಭಾಗಗಳನ್ನು ಹದವಾದ ಬಿಸಿಯಲ್ಲಿಟ್ಟು ಈ ಒತ್ತಡ ಇಳಿಸುತ್ತಾರೆ.

ಸೆಲ್ಯುಲಾಯ್ಡ್ ಎನ್ನುವ ಹಳೆಯ ಪ್ಲಾಸ್ಟಿಕ್ ಬಗ್ಗೆ ಒಂದೆರಡು ಮಾತು ಸಾಕು. 1924ರಲ್ಲಿ ಅಮೆರಿಕದ ಶೇಫರ್ ಕಂಪನಿ ಅದನ್ನು ಪೆನ್ನಿಗೆ ತಂದಾಗ ಬಣ್ಣದ ಪೆನ್ನುಗಳ ಕಾಲ ಶುರುವಾಯಿತು, ಅಷ್ಟು ಆಳವಾದ ಬಣ್ಣ ಇನ್ನಾವುದಕ್ಕೂ ಇಲ್ಲ. ಅದರಲ್ಲಿ ಸುಮಾರು ಕಾಲುಭಾಗ ಕರ್ಪೂರ. ಕರ್ಪೂರ ಆರುತ್ತಾ ಹೋದಂತೆ ಪೆನ್ನು ಕುಗ್ಗುತ್ತದೆ, ಬೆಂಕಿಗೆ ಥಟ್ಟನೆ ಹೊತ್ತಿಕೊಳ್ಳುತ್ತದೆ. 42 ಡಿಗ್ರಿಯ ಊರಿನಲ್ಲಿ ದಿನದ ಬಳಕೆಗೆ ಬೇಡ.

ಮರ: ನಾವು ಒಲೆಗೆ ಹಾಕುತ್ತಿರುವುದು

ಮರದ ಪೆನ್ನು ಬೇಕೆಂದಾಗ ಎಲ್ಲರ ಬಾಯಲ್ಲಿ ಬರುವುದು ಬೀಟೆ, ಶ್ರೀಗಂಧ, ರಕ್ತಚಂದನ. ಇವುಗಳಲ್ಲಿ ಒಂದೊಂದಕ್ಕೂ ಅರಣ್ಯ ಇಲಾಖೆಯ ನಿಯಮಗಳಿವೆ, ಬೀಟೆ ಮತ್ತು ರಕ್ತಚಂದನಕ್ಕೆ ಅಂತರರಾಷ್ಟ್ರೀಯ ವ್ಯಾಪಾರದ ನಿರ್ಬಂಧವೂ ಇದೆ. ಬಿಲ್ಲಿಲ್ಲದ ತುಂಡು ಯಾರಾದರೂ ಕೊಟ್ಟರೆ ಮುಟ್ಟಬೇಡಿ. ಜಿಂಕೆಯ ಕೊಂಬಿನ ಪೆನ್ನು ಎಂದು ತೋರಿಸಿದರಂತೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಕೇಸು ಕಾದಿರುತ್ತದೆ.

ಕೊಪ್ಪಳದ ಪಕ್ಕದಲ್ಲೇ ಕಿನ್ನಾಳ ಇದೆ, ಭೌಗೋಳಿಕ ಮಾನ್ಯತೆ ಪಡೆದ ಗೊಂಬೆ ಕಲೆ ಇದೆ, ಆ ಮರದಲ್ಲೇ ಪೆನ್ನು ಮಾಡಿಸಬಾರದೇ ಎಂದು ಕೇಳುವವರಿದ್ದಾರೆ. ಕಿನ್ನಾಳದವರು ಆರಿಸುವುದು ಹಗುರ, ಮೆದು ಮರ. ಕೆತ್ತಲು ಸುಲಭ, ಮೇಲೆ ಹುಣಸೆಬೀಜದ ಅಂಟಿನ ಕಿಟ್ಟ ಮೆತ್ತಿ ಬಣ್ಣ ಕೊಡಲು ಸರಿ. ಪೆನ್ನಿಗೆ ಬೇಕಾದದ್ದು ಇದಕ್ಕೆ ಪೂರ್ತಿ ಉಲ್ಟಾ: ಥ್ರೆಡ್ ಹಿಡಿಯುವಷ್ಟು ಗಟ್ಟಿ, ಒತ್ತೊತ್ತಾದ ಎಳೆ, ಇಂಕು ಕುಡಿಯದ ಮೈ. ಮೆದು ಮರವನ್ನು ನಿರ್ವಾತದಲ್ಲಿಟ್ಟು ರೆಸಿನ್ ಕುಡಿಸಿ ಗಟ್ಟಿ ಮಾಡುವ ವಿಧಾನ ಇದೆ. ಹಾಗೆ ಮಾಡಿದ ಮೇಲೆ ಅದು ಮರದ ವೇಷದ ಪ್ಲಾಸ್ಟಿಕ್ಕೇ.

ನಾನು ಹೇಳುವ ಮರ ಬೇರೆ. ಮಸ್ಕಿಯಿಂದ ಸಿರುಗುಪ್ಪದವರೆಗೆ ಹೊಲದ ಬದು, ಕೆರೆಯಂಗಳ, ರಸ್ತೆಯ ಪಕ್ಕ ಎಲ್ಲೆಂದರಲ್ಲಿ ಮುಳ್ಳುಕಂಟಿಯಾಗಿ ಬೆಳೆದು ನಿಂತ ಬಳ್ಳಾರಿ ಜಾಲಿ. ಅಮೆರಿಕ ಖಂಡದಿಂದ ಬಂದ ಗಿಡ. ಕಡಿದು ಇದ್ದಿಲು ಸುಡುತ್ತೇವೆ, ಒಲೆಗೆ ಹಾಕುತ್ತೇವೆ, ಬೇರು ಸಮೇತ ಕೀಳಿಸಲು ಜೆಸಿಬಿ ತರಿಸುತ್ತೇವೆ. ಇದರ ದಾಯಾದಿ ಮೆಸ್ಕೀಟ್ ಮರವನ್ನು ಅಮೆರಿಕದ ಟೆಕ್ಸಸ್ ಕಡೆ ಲೇತ್ ಕೆಲಸದವರು ಹುಡುಕಿಕೊಂಡು ಹೋಗಿ ಕೊಳ್ಳುತ್ತಾರೆ. ಒಣಗುವಾಗ ತೀರ ಕಡಿಮೆ ಕುಗ್ಗುವ, ಸೊಟ್ಟಗಾಗದ ಮರ ಎನ್ನುವುದು ಕಾರಣ. ಬಳ್ಳಾರಿ ಜಾಲಿಯ ಒಳತಿರುಳೂ ಹಾಗೇ ಭಾರ, ಗಟ್ಟಿ, ಕೆಂಪು-ಕಂದು ಬಣ್ಣ. ಹೊರಗಿನ ಹಳದಿ ಬಿಳುಪಿಗೆ ಹುಳು ಬೀಳುತ್ತದೆ, ಅದನ್ನು ತೆಗೆದುಬಿಡಬೇಕು. ನೆಟ್ಟಗಿನ ಹಲಗೆ ಸಿಗುವುದಿಲ್ಲ ಎಂದು ಬಡಿಗರು ಇದನ್ನು ಮುಟ್ಟುವುದಿಲ್ಲ, ಅದು ಸರಿ. ಪೆನ್ನಿಗೆ ಬೇಕಾಗಿರುವುದು ಗೇಣುದ್ದ, ಎರಡು ಸೆಂಟಿಮೀಟರ್ ದಪ್ಪದ ತುಂಡು. ಅಷ್ಟು ಯಾವ ಸೊಟ್ಟ ಕೊಂಬೆಯಲ್ಲೂ ಸಿಗುತ್ತದೆ.

ಹದ ಮಾಡುವುದರಲ್ಲಿ ಅವಸರ ಕೂಡದು. ಹಸಿ ತುಂಡಿನ ಎರಡೂ ತುದಿಗೆ ಮೇಣ ಬಳಿದು ನೆರಳಿನಲ್ಲಿಡಬೇಕು. ಬಳಿಯದಿದ್ದರೆ ನಮ್ಮ ಒಣಗಾಳಿಗೆ ತುದಿಗಳು ಮೊದಲು ಒಣಗಿ ಸೀಳು ಬಿಡುತ್ತವೆ. ಅಡುಗೆಮನೆಯ ತಕ್ಕಡಿಯಲ್ಲಿ ಆಗಾಗ ತೂಗಿ, ತೂಕ ಇಳಿಯುವುದು ನಿಂತ ಮೇಲೆ ಲೇತಿಗೆ ಕೊಡಿ. ಟ್ರ್ಯಾಕ್ಟರ್ ಭಾಗ ತಿರುಗಿಸುವ ಲೇತ್ ಅಂಗಡಿಯವರೂ ಈ ಕೆಲಸ ಮಾಡಬಲ್ಲರು, ಆದರೆ ಮೊದಲು ಲೇತಿನ ಕಬ್ಬಿಣದ ಚೂರು ಒರೆಸಿ, ಹೊಸದಾಗಿ ಸಾಣೆ ಹಿಡಿದ ಉಳಿ ಹಾಕಲು ಹೇಳಿ. ಪುಡಿ ಮೂಗಿಗೆ ಹೋಗದಂತೆ ಮಾಸ್ಕ್ ಇರಲಿ.

ಯಾವ ಮರವಾದರೂ ಇಂಕನ್ನು ನೇರ ಮುಟ್ಟಬಾರದು. ಮಳೆಗಾಲದಲ್ಲಿ ಮರ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ, ಮರದಲ್ಲೇ ಕೊರೆದ ಥ್ರೆಡ್ ಎರಡು ಋತು ತಡೆಯದು. ಒಳಗೆ ಎಬೊನೈಟಿನ ಕೊಳವೆ ಅಂಟಿಸಿ, ಥ್ರೆಡ್ಡನ್ನು ಅದರಲ್ಲಿ ಕೊರೆಸಿ, ಇಂಕಿಗೆ ಕನ್ವರ್ಟರ್ ಹಾಕಿಸಿ. ಬೆರಳು ಹಿಡಿಯುವ ಭಾಗವೂ ಎಬೊನೈಟಿನದೇ ಇರಲಿ, ನಿಬ್ಬು ಅದ್ದುವಾಗ ಮರಕ್ಕೆ ಕಲೆ ಹತ್ತುವುದಿಲ್ಲ.

ಸಣ್ಣ ಭಾಗಗಳು, ನೀರು

ಕ್ಲಿಪ್ಪು ಸ್ಪ್ರಿಂಗ್ ಸ್ಟೀಲಿನದಾದರೆ ವರ್ಷಗಟ್ಟಲೆ ಬಿಗಿ ಇರುತ್ತದೆ. ತೆಳು ಹಿತ್ತಾಳೆ ತಗಡಿಗೆ ಬಣ್ಣ ಕೊಟ್ಟದ್ದು ದಪ್ಪ ಬಟ್ಟೆಯ ಜೇಬಿಗೆ, ಬಳ್ಳಾರಿ ಜೀನ್ಸ್ ಅಂತಲೇ ಇಟ್ಟುಕೊಳ್ಳಿ, ನಾಲ್ಕು ಸಲ ಸಿಕ್ಕಿಸುವಷ್ಟರಲ್ಲಿ ಬಾಯಿ ಬಿಡುತ್ತದೆ. ಇಂಕು ತಾಗುವ ಕಡೆ ಹಿತ್ತಾಳೆಯ ಥ್ರೆಡ್ ಇದ್ದರೆ ಹಸಿರು ಕಿಲುಬು ಗ್ಯಾರಂಟಿ. ಕ್ಯಾಪಿನಲ್ಲಿ ಗಾಳಿ ತೂತು ಬೇಡ, ಒಣಹವೆಗೆ ಎರಡು ದಿನದಲ್ಲಿ ನಿಬ್ಬು ಒಣಗುತ್ತದೆ. ಇದೇ ಕಾರಣಕ್ಕೆ ಬಣ್ಣದ ಪುಡಿ ತೇಲುವ ಪಿಗ್ಮೆಂಟ್ ಇಂಕಿಗಿಂತ ಸಾದಾ ಡೈ ಇಂಕು ವಾಸಿ, ಒಣಗಿದರೂ ನೀರಿಗೆ ಕರಗುತ್ತದೆ.

ನೇರ ಸುರಿಯುವ ಪೆನ್ನಿನ ಥ್ರೆಡ್ಡಿಗೆ ಸಿಲಿಕಾನ್ ಗ್ರೀಸ್ ತೆಳ್ಳಗೆ ಹಚ್ಚಬೇಕು. ವ್ಯಾಸಲೀನ್ ಸಾಕು ಎನ್ನುವವರ ಮಾತು ಕೇಳಬೇಡಿ, ಪೆಟ್ರೋಲಿಯಂ ಎಣ್ಣೆ ಕೆಲವು ಬಗೆಯ ರಬ್ಬರಿನ ಓ-ರಿಂಗನ್ನು (ಇಂಕು ಸೋರದಂತೆ ಥ್ರೆಡ್ಡಿನ ಬಳಿ ಹಾಕುವ ಉಂಗುರ) ಉಬ್ಬಿಸಿ ಕೆಡಿಸುತ್ತದೆ.

ತೊಳೆಯುವ ನೀರಿನ ಬಗ್ಗೆ ಯಾರೂ ಯೋಚಿಸುವುದಿಲ್ಲ. ನಮ್ಮ ಬೋರ್‌ವೆಲ್ ನೀರು ಗಡುಸು. ಬಕೆಟ್ಟಿನ ಅಂಚಿಗೆ ಕೂರುವ ಬಿಳಿ ಪೊರೆಯೇ ಫೀಡಿನ ಗೀರಿನಲ್ಲೂ ಕೂರುತ್ತದೆ, ಅಲ್ಲಿ ಕೂತ ಮೇಲೆ ತೆಗೆಯುವುದು ಕಷ್ಟ. ಮೊದಲ ತೊಳೆತ ಯಾವ ನೀರಿನಲ್ಲಾದರೂ ಆಗಲಿ, ಕೊನೆಯದು ಆರ್‌ಓ ನೀರಿನಲ್ಲಿ, ಅದೂ ತಣ್ಣೀರಿನಲ್ಲಿ. ಹೊಸ ಪೆನ್ನಿಗೆ ಇಂಕು ಹಾಕುವ ಮೊದಲು ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಬೆರೆಸಿದ ನೀರಿನಲ್ಲಿ ಒಮ್ಮೆ ತೊಳೆದರೆ ಕೊರೆಯುವಾಗ ಅಂಟಿದ ಎಣ್ಣೆ ಹೋಗುತ್ತದೆ. ಹೊಸ ಪೆನ್ನು ಬಿಟ್ಟು ಬಿಟ್ಟು ಬರೆಯುವುದಕ್ಕೆ ಅರ್ಧಕ್ಕರ್ಧ ಕಾರಣ ಆ ಎಣ್ಣೆಯೇ.

ಆರ್ಡರ್ ಕೊಡುವಾಗಲೇ ಒಂದು ಚೀಟಿಯಲ್ಲಿ ನಿಬ್ಬಿನ ಕಂಪನಿ, ನಿಬ್ಬಿನ ಅಳತೆ ಐದನೇ ನಂಬರೋ ಆರನೇ ನಂಬರೋ, ಯುನಿಟ್ ತಿರುಗಿಸಿ ತೆಗೆಯುವುದೋ ಎಳೆದು ತೆಗೆಯುವುದೋ ಬರೆಸಿಕೊಳ್ಳಿ. ಓ-ರಿಂಗು ಎರಡು ಹೆಚ್ಚಿಗೆ ಕೇಳಿ ಇಟ್ಟುಕೊಳ್ಳಿ. ಕೈಕೆಲಸದ ಪೆನ್ನಿನ ಓ-ರಿಂಗಿನ ಅಳತೆ ಒಬ್ಬೊಬ್ಬರದು ಒಂದೊಂದು, ಲಿಂಗಸುಗೂರಿನ ಹಾರ್ಡ್‌ವೇರ್ ಅಂಗಡಿಯಲ್ಲಿ ಅದೇ ಸಿಗುತ್ತದೆಂದು ನೆಚ್ಚಿಕೊಳ್ಳುವ ಹಾಗಿಲ್ಲ.